ಮಳೆಗಾಲದಲ್ಲಿ ಮೀನು ಮಾರದ ತಪ್ಪು

ಆಗ ನಾನು ಐಸ್ ಗಾಡಿಯ ಜೊತೆ ಕಾರವಾರ, ಅಂಕೋಲಾ ಅಂತ ತಿರುಗುತ್ತಿದ್ದೆ. ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ನೀರಿಗಿಳಿದ ವಾರ, ಅಂಕೋಲಾ ಪೇಟೆಯಲ್ಲಿ ಮೀನು ಮಾರುವ ನಾಗವೇಣಿ ಅಕ್ಕ ಮೊಬೈಲು ನನ್ನ ಕೈಗೆ ತುರುಕಿದಳು.

"ತಮಾ, ನಾಲ್ಕು ದಿನದ ದುಡ್ಡು ಇದರೊಳಗೇ ಸಿಕ್ಕಿಬಿದ್ದದೆ. ನಾಳೆ ಹರಾಜಿಗೆ ಎಂತ ಹಿಡ್ಕಂಡು ನಿಲ್ಲಲಿ?"

ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನೇ ಅವಳಿಗೆ ವಕೀಲ. ಗಿರಾಕಿಗಳು ಸ್ಕ್ಯಾನ್ ಮಾಡಿ ಹಾಕಿದ ದುಡ್ಡು ಹೋಗಿ ಸೇರುವ ಪೇಮೆಂಟ್ ಕಂಪನಿಗೆ ಫೋನ್ ಹಚ್ಚಿದೆ.

"ಸರ್, ಎರಡು ತಿಂಗಳು ವ್ಯವಹಾರವೇ ಇಲ್ಲ, ಈಗ ಒಮ್ಮೆಲೇ ದಿನಾ ಬೆಳಿಗ್ಗೆ ಹಣ ಬರುತ್ತಿದೆ. ಅನುಮಾನ ಬಂದು ಖಾತೆ ತಡೆಹಿಡಿದಿದ್ದೇವೆ. ಪರಿಶೀಲನೆ ಮುಗಿಯುವವರೆಗೆ ಹಣ ನಮ್ಮಲ್ಲೇ ಇರುತ್ತದೆ," ಎಂದ ಅಲ್ಲಿಯವನು, ಬಹಳ ವಿನಯದಿಂದ.

"ಮಳೆಗಾಲದಲ್ಲಿ ಸಮುದ್ರಕ್ಕೆ ಹೋಗಬಾರದು ಅಂತ ಸರ್ಕಾರದ್ದೇ ಕಾನೂನು ಉಂಟು ಮಾರಾಯ್ರೆ!"

"ಹಾಗಿದ್ದರೆ ಬೋರ್ಡ್ ಕಾಣುವಂತೆ ಅಂಗಡಿಯ ಫೋಟೋ ಕಳಿಸಿ."

ಅಂಗಡಿ ಅಂದರೆ ಒಂದು ಬುಟ್ಟಿ, ಒಂದು ಮಣೆ, ಒಂದು ಕತ್ತಿ. ಅವುಗಳ ನಡುವೆ ಅಕ್ಕನನ್ನು ಕೂರಿಸಿ ಫೋಟೋ ಕಳಿಸಿದೆ. ಬೋರ್ಡ್ ಕಾಣುತ್ತಿಲ್ಲ ಎಂದು ಅದೇ ಫೋನಿನಲ್ಲಿ ತಕ್ಷಣ ಉತ್ತರ ಬಂತು.

"ಬೋರ್ಡು ಓದಿ ಮೀನು ತಗಂಬವರು ಯಾರು ತಮಾ? ಎಲ್ಲರೂ ಕಿವಿರು ಎತ್ತಿ ನೋಡ್ತಾರೆ. ಅವನಿಗೆ ಹೇಳು!" ಎಂದು ಅಕ್ಕ ಫೋನಿಗೇ ಕೂಗಿದಳು. ಅಷ್ಟರಲ್ಲಿ ಆತ ಫೋನ್ ಇಟ್ಟಾಗಿತ್ತು.

ಮರುದಿನ ಹರಾಜಿನವನು ಅವಳ ಮುಖ ನೋಡಿಯೇ ಎರಡು ಬುಟ್ಟಿ ಬಂಗಡೆ ಉದ್ರಿ ಕೊಟ್ಟ. ಕಂಪನಿಯ ಪರಿಶೀಲನೆ ಮಾತ್ರ ಮುಗಿಯಲಿಲ್ಲ. ಹಾಗಂತ ಅವರು ಸುಮ್ಮನೆ ಕೂತಿರಲಿಲ್ಲ. ದುಡ್ಡು ಬಂತೆಂದು ಕೂಗಲು ಅವರೇ ಅಕ್ಕನಿಗೆ ಕೊಟ್ಟಿದ್ದ ಡಬ್ಬಿಯ ಬಾಡಿಗೆಯನ್ನು, ತಿಂಗಳು ತುಂಬಿದ ದಿನವೇ, ತಡೆಹಿಡಿದ ಆ ಹಣದಿಂದಲೇ ಮುರಿದುಕೊಂಡರು. ಆ ವ್ಯವಹಾರದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.