ಸೇತುವೆ ಮೇಲಿಂದ ಬಿಟ್ಟ ಕಾಯಿ

ಹೋದ ವರ್ಷ ದೀಪಾವಳಿ ಮುಗಿದ ವಾರ. ಅವ್ವ ಮತ್ತು ನಾನು ಸಗರದಿಂದ ಕಾಕಾನ ಟ್ರ್ಯಾಕ್ಟರಿನಲ್ಲಿ ಕೃಷ್ಣೆಯ ಆಚೆ ದಂಡೆಯಲ್ಲಿರುವ ಅತ್ತೆಯ ಊರಿಗೆ ಹೊರಟಿದ್ದೆವು. ಕಾಕಾ ಮುಂದೆ, ನಾವಿಬ್ಬರು ಹಿಂದೆ ಟ್ರೇಲರಿನಲ್ಲಿ.

ನನಗೆ ವಿಮಾನಗಳ ಹುಚ್ಚು. ಯಾರೂ ಕಲಿಸಿದ್ದಲ್ಲ, ಮೊಬೈಲಿನಲ್ಲಿ ವಿಡಿಯೊ ನೋಡಿ, ನೋಟ್‌ಬುಕ್ಕಿನಲ್ಲಿ ಲೆಕ್ಕ ಬಿಡಿಸಿ ನಾನೇ ಕಲಿತದ್ದು. ದಾರಿಯುದ್ದಕ್ಕೂ ಅವ್ವನಿಗೆ ಅದನ್ನೇ ಹೇಳುತ್ತಿದ್ದೆ. ಹಾರುತ್ತಿರುವ ವಿಮಾನದಿಂದ ಪಕ್ಕಕ್ಕೆ ಗುಂಡು ಹೊಡೆದರೆ ಅದು ಬರೀ ಪಕ್ಕಕ್ಕೆ ಹೋಗುವುದಿಲ್ಲ, ವಿಮಾನದ ವೇಗವೂ ಅದಕ್ಕೆ ಇರುತ್ತದೆ, ಹಾಗಾಗಿ ಮುಂದಕ್ಕೂ ಸಾಗುತ್ತದೆ. ಗುರಿಗಿಂತ ಹಿಂದಕ್ಕೆ ಹಿಡಿದರೇನೇ ತಾಗುವುದು.

"ಆತಪಾ ಪೈಲಟ್ ಸಾಹೇಬ," ಅಂದಳು ಅವ್ವ. "ಮದ್ಲ ಟ್ರ್ಯಾಕ್ಟರ್ ರಿವರ್ಸ್ ತಗೊಳ್ಳೋದು ಕಲಿ."

ತಿಂಥಣಿ ದಾಟಿ ಸೇತುವೆ ಬಂತು. ಹೊಳೆ ದಾಟುವಾಗ ಗಂಗವ್ವನಿಗೆ ಇಡೀ ಕಾಯಿ ಬಿಡುವುದು ನಮ್ಮ ಮನೆ ಪದ್ಧತಿ. ಅವ್ವ ಅರಿಷಿಣ, ಕುಂಕುಮ ಹಚ್ಚಿದ ಕಾಯಿ ಕೈಗೆ ಕೊಟ್ಟಳು. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿತ್ತು.

"ಕಾಕಾ, ಜರಾ ನಿಂದರ್ಸು," ಅಂದೆ.

"ಬ್ರಿಜ್ ಮ್ಯಾಲ ಹೆಂಗ ನಿಂದರ್ಸಲೋ? ಹಂಗಾ ಒಗಿ."

ಎದ್ದು ನಿಂತು ನೇರ ಕೆಳಗೆ ನೋಡಿದೆ. ಬರೀ ನೀರು. ಸ್ವಲ್ಪ ಮುಂದೆ ಮೀನು ಹಿಡಿಯುವವರೊಬ್ಬರ ತೆಪ್ಪವಿತ್ತು. ಅದು ದೂರ ಇದೆಯಲ್ಲ ಅಂದುಕೊಂಡು ಒಗೆದೇಬಿಟ್ಟೆ.

ಕಾಯಿ ಕೆಳಗೆ ಬೀಳುತ್ತ ಬೀಳುತ್ತ ನಮ್ಮ ಜೊತೆಗೇ ಮುಂದೆ ಬರುತ್ತಿತ್ತು. ಆಗ ಹೊಳೆಯಿತು. ಕಾಯಿ ಆ ಮನುಷ್ಯನ ಕೈಯಲ್ಲಿದ್ದ ಹುಟ್ಟಿಗೆ ಬಡಿದು ಹುಟ್ಟು ನೀರಿಗೆ ಹಾರಿತು. ಒಂದು ಗೇಣು ಈಚೆ ಬಿದ್ದಿದ್ದರೆ ತಲೆಗೇ.

ಸೇತುವೆ ಮುಗಿದಲ್ಲಿ ಇಳಿದು ದಂಡೆಗೆ ಓಡಿದೆ. ತೆಪ್ಪದವರು ಕೈಯಿಂದಲೇ ನೀರು ಎಳೆಯುತ್ತ ಹೋಗಿ ಹುಟ್ಟು ಹಿಡಿದುಕೊಂಡು ದಂಡೆಗೆ ಬಂದರು. ನಮ್ಮ ಮುತ್ತ್ಯಾನ, ಅಂದರೆ ಅಜ್ಜನ, ವಯಸ್ಸು. ತೆಪ್ಪದಲ್ಲಿ ನಮ್ಮ ಕಾಯಿಯೂ ಇತ್ತು.

"ತಪ್ಪಾತ್ರಿ ಮುತ್ತ್ಯಾ. ಮುಂದ ಬಂದು ಬೀಳ್ತದಂತ ನನಗ ಗೊತ್ತಿತ್ರಿ. ಅದರ ಲೆಕ್ಕಾನೂ ಬರ್ತದ್ರಿ."

"ಗೊತ್ತಿದ್ದೂ ಒಗದಿ?"

ಸಿಟ್ಟಿಲ್ಲದೆ ಕೇಳಿದರು.

ಅಷ್ಟರಲ್ಲಿ ಅವ್ವ ಬಂದು ಕೈ ಮುಗಿದಳು. "ಕೈಗೆ ಪೆಟ್ಟಾತೇನ್ರಿ ಯಪ್ಪಾ?"

"ಏನಾಗಿಲ್ಲ ಬಿಡವ್ವ." ಕಾಯಿ ನನ್ನ ಕೈಗಿಟ್ಟರು. "ಗಂಗವ್ವಗ ಕೊಡೂದಿದ್ರ ದಂಡಿಗೆ ಬಂದು ಕೊಡ್ಬೇಕಪಾ. ಆಕಿ ಎಲ್ಲಿ ಓಡಿ ಹೊಂಟಾಳ?"

ಮೊಣಕಾಲುದ್ದ ನೀರಿಗಿಳಿದು ಕಾಯಿ ಬಿಟ್ಟೆ.

ಈಗಲೂ ವಿಡಿಯೊ ನೋಡುತ್ತೇನೆ, ಲೆಕ್ಕ ಮಾಡುತ್ತೇನೆ. ಮೊದಲು ಗುಂಡು ಎಲ್ಲಿ ಬೀಳುತ್ತದೆ ಎಂದು ಮಾತ್ರ ನೋಡುತ್ತಿದ್ದೆ. ಈಗ ಅಲ್ಲಿ ಯಾರಿದ್ದಾರೆ ಎಂದು ಕಣ್ಣು ಹುಡುಕುತ್ತದೆ.