ಎಡಗೈ ಕಲಿತ ಆರ್ಗನ್

ಬುಕ್ಕಾಪಟ್ಟಣದ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದು ಎಡಗೈ ಮುರಿದುಕೊಂಡಾಗ ನಾನು ಮದುವೆ ಆರ್ಕೆಸ್ಟ್ರಾ ಒಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಪಟ್ಟಿ ಬಿಚ್ಚಿದ ಮೇಲೂ ಉಂಗುರದ ಬೆರಳು ಮಡಚಲಿಲ್ಲ. ಡಾಕ್ಟರು ಮೆತ್ತನೆಯ ಚೆಂಡೊಂದನ್ನು ಕೊಟ್ಟು, ಹಿಸುಕುತ್ತಿರಿ ಎಂದರು. ಎರಡೇ ದಿನಕ್ಕೆ ಅದು ಸಾಕಾಯಿತು.

ಆ ಬಿಡುವಿನಲ್ಲೇ ಫೋನಿನಲ್ಲಿ ಹಳೆಯ ವಿದೇಶಿ ರಾಕ್ ತಂಡವೊಂದರ ಸಂಗೀತ ಕೇಳಿದೆ. ಅದರಲ್ಲಿ ಗಿಟಾರ್ ಹೆಸರಿಗಷ್ಟೆ, ಎಲ್ಲವನ್ನೂ ನಡೆಸುತ್ತಿದ್ದದ್ದು ಕೀಬೋರ್ಡಿನಂತೆಯೇ ಮನೆಗಳನ್ನು ಒತ್ತಿ ನುಡಿಸುವ ಆರ್ಗನ್. ಮುನ್ನೂರು ವರ್ಷದ ಹಿಂದೆ ಯುರೋಪಿನ ಚರ್ಚುಗಳಲ್ಲಿ ನುಡಿಸುತ್ತಿದ್ದ ರೀತಿಯಲ್ಲಿ ಬಲಗೈ ಒಂದು ಧಾಟಿ ಎತ್ತಿಕೊಂಡರೆ, ಕೊಂಚ ತಡೆದು ಎಡಗೈ ಅದನ್ನೇ ಹಿಡಿದು ಅಟ್ಟಿಸಿಕೊಂಡು ಬರುತ್ತಿತ್ತು. ಹಿಂದೆ ಡ್ರಮ್ಸಿನ ಅಬ್ಬರ. ಸಿನಿಮಾ ಹಾಡುಗಳಲ್ಲಿ ನನ್ನ ಎಡಗೈಗೆ ಇಷ್ಟು ಕೆಲಸ ಎಂದೂ ಬಿದ್ದಿರಲಿಲ್ಲ. ಇದನ್ನೇ ನುಡಿಸಿ ಬೆರಳು ಬಗ್ಗಿಸುತ್ತೇನೆ ಎಂದು ಹಟ ಹಿಡಿದೆ.

ಬರಗೂರಿನ ಮನೆಯಲ್ಲಿ ಬೆಳಿಗ್ಗೆ ಎದ್ದವಳೇ ಕೀಬೋರ್ಡಿನ ಮುಂದೆ ಕೂರುತ್ತಿದ್ದೆ. ಪಕ್ಕದಲ್ಲಿ ಅವ್ವ ಕಡಲೆಕಾಯಿ ಸುಲಿಯುತ್ತಿದ್ದಳು.

"ಒಂದ್ ಕೈ ಓಡ್ತೈತೆ, ಇನ್ನೊಂದು ಕುಂಟ್ತೈತೆ. ನೋವಾಗಲ್ವೇನೇ? ಬುಟ್ಬುಡು."

"ನೋವಾಗ್ತೈತೆ ಕಣವ್ವ. ಬುಡಾಕಿಲ್ಲ."

ಬೇಸಿಗೆ ಮುಗಿಯುವ ಹೊತ್ತಿಗೆ ಎಡಗೈ ಬಲಗೈಯ ಜೊತೆಗೆ ಬಂತು. ಆಗ ನಮ್ಮ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುವವನನ್ನು ಹುಡುಕಿಕೊಂಡು ಶಿರಾಕ್ಕೆ ಹೋದೆ. ಫೋನಿನಲ್ಲಿದ್ದ ಆ ಸಂಗೀತವನ್ನು ಎರಡು ಸಲ ಕೇಳಿ, ಆಗದೆಂದು ತಲೆಯಾಡಿಸಿಬಿಟ್ಟ.

"ಏಳೇಟಿನ ತಾಳ! ಇದಕ್ಕೆ ಯಾರ್ ಕುಣೀತಾರಕ್ಕ? ಬಿಲ್ಕುಲ್ ಆಗಾಕಿಲ್ಲ."

"ಕುಣಿಯಾದ್ ಬ್ಯಾಡ, ಕೇಳ್ಲಿ."

ನಕ್ಕ. ಕಡ್ಡಿಗಳನ್ನು ಕೈಗೆತ್ತಿಕೊಂಡ. ಅಂದು ಸಂಜೆಯವರೆಗೂ ನುಡಿಸಿದರೂ ಇಬ್ಬರ ತಾಳ ಒಂದಕ್ಕೊಂದು ಕೂಡದೆ ತಪ್ಪುತ್ತಲೇ ಇತ್ತು. ಆದರೂ ಹೊರಡುವಾಗ ಅವನೇ, "ನಾಳೆ ಬೇಗ ಬಾ" ಎಂದ.

ಮಧುಗಿರಿಯ ಒಂದು ರಿಸೆಪ್ಷನ್ನಿನಲ್ಲಿ ಹುಡುಗ-ಹುಡುಗಿ ವೇದಿಕೆಗೆ ಬರುವುದು ತಡವಾಯಿತು. ನಾನು ಡ್ರಮ್ಸಿನವನ ಕಡೆ ನೋಡಿದೆ. ಅವನು ಕಡ್ಡಿ ತಟ್ಟಿ ತಾಳ ಎಣಿಸಿಕೊಟ್ಟ, ಶುರು ಮಾಡಿದೆವು. ಜನ ಮಾತು ನಿಲ್ಲಿಸಿ ತಿರುಗಿದರು. ಅರ್ಧದಲ್ಲಿ ಬೆರಳು ಸೆಟೆದುಕೊಂಡು ಎಡಗೈ ತಪ್ಪಿತು. ನಿಲ್ಲಿಸಲಿಲ್ಲ. ಬಲಗೈಯೊಂದನ್ನೇ ನಡೆಸುತ್ತಾ, ತಾಳ ಒಂದು ಸುತ್ತು ಬರುವವರೆಗೆ ಕಾದು, ಮತ್ತೆ ಸೇರಿಕೊಂಡೆ. ಕೊನೆಯವರೆಗೂ ನುಡಿಸಿದೆವು.

ಅಲ್ಲಲ್ಲಿ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಎದ್ದು ಬಂದರು.

"ಯಾವ ಪಿಚ್ಚರ್ದಮ್ಮ ಇದು?"

"ಯಾವ್ದೂ ಅಲ್ಲ ಯಜಮಾನ್ರೆ."

"ಎದೆಯೊಳ್ಗೆ ಗುಡುಗ್ದಂಗಾತು. ಇನ್ನೊಂದ್ಸಲ ಬಾರ್ಸ್ತೀರಾ?"

ಊಟದ ಹೊತ್ತಿಗೆ ಮತ್ತೆ ನುಡಿಸಿದೆವು. ಆ ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅದು ಒತ್ತಬೇಕಾದ ಸ್ವರವನ್ನು ಈಗ ಹೆಬ್ಬೆರಳಿಗೆ ಕಲಿಸಿದ್ದೇನೆ.