ಗೇಮ್ ಮನೆಗೊಂದು ಹೊಸ್ತಿಲು

“ಬಾಗಲಾ ಐತಿ, ಹೊಸ್ತಿಲಾ ಎಲ್ಲೈತಿ ಯವ್ವಾ?”

ಗೇಮ್ ತಯಾರಿಸುವ ಆ್ಯಪ್‌ನಲ್ಲಿ ಮಗಳು ಕಟ್ಟಿದ ಪುಟ್ಟ ಮನೆಯನ್ನು ಲ್ಯಾಪ್‌ಟಾಪ್‌ನಲ್ಲಿ ಬಗ್ಗಿ ನೋಡುತ್ತ ಘೋಡಗೇರಿ ಬಿಟ್ಟು ಬಂದು ನಮ್ಮೊಂದಿಗಿರುವ ಅತ್ತೆ ಕೇಳಿದರು. ನಾಲ್ಕು ಗೋಡೆ, ಕಿಟಕಿ, ಕೆಂಪು ಹೆಂಚು ಎಲ್ಲ ಇತ್ತು. ಮಗಳು ನಗುತ್ತ ಬಾಗಿಲಿಗೆ ಅಡ್ಡವಾಗಿ ಒಂದು ಮರದ ತುಂಡು ಇಟ್ಟಳು. ಒಳಹೋಗುತ್ತಿದ್ದ ಗೊಂಬೆ ಅದಕ್ಕೆ ತಾಗಿ ಹೊರಗೇ ನಿಂತುಬಿಟ್ಟಿತು.

“ನೋಡ ಅಜ್ಜಿ, ಒಳಗ ಬರವಲ್ತು!”

“ಕಾಲ ಎತ್ತಿ ದಾಟಾಕ ಕಲಿಸ ಅದಕ್ಕ,” ಎಂದರು ಅತ್ತೆ.

ಮರುದಿನ ಬೆಳಗ್ಗೆ ಗೋಕಾಕದ ನಮ್ಮ ಬಾಡಿಗೆ ಮನೆಯ ಬಾಗಿಲನ್ನೇ ನಿಂತು ನೋಡಿದೆ. ಅದಕ್ಕೂ ಹೊಸ್ತಿಲಿಲ್ಲ. ಅದಿರಬೇಕಾದ ಜಾಗದಲ್ಲಿ, ಬರೀ ಟೈಲ್ಸ್ ಮೇಲೆ, ಅತ್ತೆ ಅರಿಸಿನ ಕುಂಕುಮ ಹಚ್ಚಿದ್ದರು. ಮೂರು ವರ್ಷದಿಂದ, ಕಲೆ ಕೂತೀತೆಂದು ಅದನ್ನು ದಿನಾ ಒರೆಸಿ ಹಾಕುತ್ತಿದ್ದವಳು ನಾನೇ.